ಹಾಲು ಬತ್ತಿಸುವ ತಿಂಗಳು

ನಮ್ಮೂರು ಹೆಪ್ಪುಗಟ್ಟುವ ಕಾಲ ಹತ್ತಿರ ಬಂತೆಂದು ಮೊದಲು ಗೊತ್ತಾಗುವುದು ಚಿಕ್ಕೀರಯ್ಯನ ಕ್ಷೌರದಂಗಡಿಗೆ ಬೀಗ ಬಿದ್ದಾಗ. ಅಂದಿನಿಂದ ಊರಲ್ಲಿ ಯಾರೂ ಕೂದಲು ಕತ್ತರಿಸುವಂತಿಲ್ಲ, ಉಗುರು ತೆಗೆಯುವಂತಿಲ್ಲ, ಮೇವಿಗೆಂದು ಹೊಲದಲ್ಲಿ ಬೆಳೆದ ಕುದುರೆಮಸಾಲೆ ಸೊಪ್ಪಿಗೆ ಕುಡುಗೋಲು ತಾಗಿಸುವಂತಿಲ್ಲ. ಕಂಬಳಿಗಳು ಅಟ್ಟ ಸೇರುತ್ತವೆ, ಬಚ್ಚಲಿನ ಹಂಡೆ ಕವುಚಿಕೊಳ್ಳುತ್ತದೆ, ಗಂಡ ಹೆಂಡಿರ ಚಾಪೆಗಳ ನಡುವೆ ಇನ್ನೊಂದು ಚಾಪೆಯಷ್ಟು ಜಾಗ ಬೀಳುತ್ತದೆ. ಇದಕ್ಕೆ ಹದದ ತಿಂಗಳು ಎನ್ನುತ್ತಾರೆ. ದಿನಾ ತಣ್ಣೀರು ಮಿಂದು, ಕುದುರೆಮಸಾಲೆಯ ಬೇರನ್ನು ಅರೆದು ಉಂಡು, ಹದ ಹಿಡಿದವರು ಗುಡ್ಡದಿಂದ ಚಳಿ ಇಳಿದು ಬಂದಾಗ ಕೂತಲ್ಲೇ ಕಲ್ಲಾಗುತ್ತಾರೆ. ಬಿಸಿಲು ಮರಳಿದಾಗ ಆಕಳಿಸಿ ಎದ್ದು ಕಾಫಿ ಕೇಳುತ್ತಾರೆ. ಹದ ಹಿಡಿಯದವರು ಏಳುವುದಿಲ್ಲ. ಅಷ್ಟೇ ಸಂಗತಿ.

ಉಳಿದದ್ದೆಲ್ಲ ಎಲ್ಲಿ ಕೂರಬೇಕು, ಹೇಗೆ ಕೂರಬೇಕು ಎಂಬ ತಕರಾರು. ಕಿಟಕಿ ಪಕ್ಕದ ಜಾಗಕ್ಕೆ ಅತ್ತೆ ಸೊಸೆ ಕಿತ್ತಾಡುತ್ತಾರೆ, ಯಾಕೆಂದರೆ ಬಿಸಿಲು ಮೊದಲು ತಾಗುವುದು ಅಲ್ಲಿಗೇ. ಮೊದಲು ಎದ್ದವರು ಒಲೆ ಹಚ್ಚಬೇಕೆಂದು ನೆನಪಾದೊಡನೆ ಇಬ್ಬರೂ ಆ ಜಾಗವನ್ನು ಮಾವನಿಗೆ ಬಿಟ್ಟುಕೊಡುತ್ತಾರೆ. ಬಾಯಿ ಮುಚ್ಚಿಕೊಂಡು ಕೂರಿ ಎಂದು ಹಿರಿಯರು ಹೇಳುವುದಕ್ಕೂ ಕಾರಣವಿದೆ. ಒಂದು ವರ್ಷ ನಮ್ಮ ಹೆಡ್ಮಾಸ್ತರರು ಸೀನಲೆಂದು ಮೂಗು ಅರಳಿಸಿದ ಗಳಿಗೆಗೇ ಚಳಿ ಇಳಿಯಿತು. ಆ ಸೀನು ಹೊರಬಿದ್ದದ್ದು ಬಿಸಿಲು ಕಾಲಕ್ಕೆ. ಅಷ್ಟು ಕಾಲವೂ ಎದುರಿಗೇ ಕೂತಿದ್ದ ಅವರ ಅತ್ತೆ ಎದ್ದವರೇ ಮೊದಲು ಮುಖ ಒರೆಸಿಕೊಂಡರು.

ನಾನು ಆ ಹೆಡ್ಮಾಸ್ತರರ ಕೈಕೆಳಗೆ ವಿಜ್ಞಾನ ಕಲಿಸುವವನು. ಕಣಿವೆ ಇಳಿದು ಕೆಳಗಿನ ಪೇಟೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ ಬಂದವನು. ಆದರೆ ಊರಿಗೆ ನಾನು ಅಣಕದ ಈರಭದ್ರ. ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಅವರಿಗೆ ನನ್ನ ಗಂಟಲಲ್ಲಿ ಬಾಡಿಗೆಯಿಲ್ಲದ ಮನೆ ಸಿಗುತ್ತದೆ. ಹೆಡ್ಮಾಸ್ತರರ ಸೀನು ನನ್ನಲ್ಲಿದೆ, ಚಿಕ್ಕೀರಯ್ಯನ ಕತ್ತರಿಯ ಸದ್ದಿದೆ, ಕಾಲೇಜಿನಲ್ಲಿ ಪಾಠ ಹೇಳಿದ ಪ್ರೊಫೆಸರರಂತೂ ಮೂಗಿನ ಸಮೇತ ಇದ್ದಾರೆ. ಮಕ್ಕಳಿಗೆ ಪಾಠ ಮಾಡುವಾಗ ನಾನು ಅವರನ್ನೇ ಕರೆಸುತ್ತಿದ್ದೆ.

"ನೋಡ್ರಪ್ಪಾ, ಸಸಾರಜನಕವನ್ನ ಯಾರೂ ಸಸಾರ ಮಾಡಬೇಡಿ. ದಿನ ಗಿಡ್ಡ ಆಯ್ತು, ಗಾಳಿ ತಣ್ಣಗಾಯ್ತು ಅಂದ ತಕ್ಷಣ ಈ ಕುದುರೆಮಸಾಲೆ ಬೆಳೆಯೋದು ನಿಲ್ಲಿಸುತ್ತೆ. ಮೇಲಿರೋದನ್ನೆಲ್ಲ ಬೇರಿಗೆ ಇಳಿಸುತ್ತೆ. ಅಲ್ಲಿ ಚಳಿಗೇ ಅಂತ ಬೇರೆ ಸಸಾರಜನಕ ಹೆಣೆಯುತ್ತೆ. ಒಳಗಿನ ನೀರು ಗಡ್ಡೆ ಕಟ್ಟಿ ಕೋಶದ ಪೊರೆ ಹರಿಯದ ಹಾಗೆ ಅವು ಕಾವಲು ಕೂರುತ್ತವೆ. ಅಂಥ ಹೊತ್ತಲ್ಲಿ ಹೋಗಿ ಕುಡುಗೋಲು ಹಾಕಿದಿರೋ, ಕೆಟ್ಟಿರಿ. ಮತ್ತೆ ಚಿಗುರಬೇಕು ಅಂತ ಗಿಡ ಬೇರಲ್ಲಿದ್ದದ್ದನ್ನೆಲ್ಲ ಕಿತ್ತು ಮೇಲೆ ಕಳಿಸಿಬಿಡುತ್ತೆ. ಚಳಿ ಬಂದಾಗ ಕಾವಲಿಗೆ ಯಾರೂ ಇರಲ್ಲ."

ಮದುವೆಯಾದ ಮೇಲೆ ನಾನು ಅದನ್ನು ಸಂಸಾರಜನಕ ಎಂದು ಕರೆಯತೊಡಗಿದೆ. ನನ್ನ ಹೆಂಡತಿ ಇಂದ್ರಾಣಿ ಆ ಮಾತಿಗೆ ಪ್ರತಿ ಸಲವೂ ನಗುತ್ತಿದ್ದಳು. ಅವಳು ಕೆಳಗಿನ ಪೇಟೆಯವಳು. ಕಾಲೇಜಿನ ದಿನಗಳಲ್ಲಿ ಹುಡುಗಿಯರ ಹಾಸ್ಟೆಲಿನ ವಾರ್ಡನ್ ದನಿಯಲ್ಲಿ ನಾನು ಗೇಟಿನಾಚೆಯಿಂದ "ಇಂದ್ರಾಣೀ, ಲೈಟ್ ಆರಿಸೇ" ಎಂದು ಕೂಗಿದ್ದೆ. ಇಡೀ ಹಾಸ್ಟೆಲಿನ ಲೈಟು ಆರಿತು, ಅವಳೊಬ್ಬಳು ಆರಿಸದೆ ಕಿಟಕಿಗೆ ಬಂದು ನಿಂತಳು. ನನ್ನನ್ನು ಮದುವೆಯಾಗಿ, ಹೆಪ್ಪುಗಟ್ಟುವ ಊರಿಗೆ ಬಂದು, ಬೇರಿನ ಕಹಿ ಉಂಡು, ಹುಟ್ಟಿದಾಗಿನಿಂದ ಇಲ್ಲೇ ಇದ್ದವಳಂತೆ ಕೂತು ಎದ್ದಳು.

ಆಮೇಲೆ ಕೂಸು ಹುಟ್ಟಿತು, ತಪ್ಪು ಕಾಲಕ್ಕೆ.

ನಮ್ಮೂರ ಬಸುರಿಯರು ಚಳಿಯನ್ನು ಬಸುರಿಯರಾಗಿಯೇ ಕಳೆಯುತ್ತಾರೆ. ಹೊಟ್ಟೆಯಲ್ಲಿರುವ ಕೂಸು ತಾಯಿಯ ಹದವನ್ನೇ ಹಿಡಿದುಕೊಂಡಿರುತ್ತದೆ. ಬೇಸಗೆಗೆ ಹುಟ್ಟಿ, ಮುಂದಿನ ಚಳಿಗೆ ಹಲ್ಲು ಬಂದಿರುತ್ತದೆ. ಹಲ್ಲು ಬಾರದ ಕೂಸಿಗೆ ಹದ ನಿಲ್ಲುವುದಿಲ್ಲ. ನಮ್ಮದು ಚಿಕ್ಕೀರಯ್ಯ ಅಂಗಡಿಗೆ ಬೀಗ ಹಾಕುವ ಹೊತ್ತಿಗೆ ಹುಟ್ಟಿತು. ಅವನು ನನ್ನ ಗಡ್ಡಕ್ಕೆ ಆ ವರ್ಷದ ಕೊನೆಯ ನೊರೆ ಹಚ್ಚುತ್ತಾ ಬೆರಳು ಮಡಿಚಿ ಲೆಕ್ಕ ಹಾಕಿದ. "ಎಲ್ಲಾರೂ ಎದ್ದೇಟ್ಗೆ ಕಾಪಿ ಕೇಳ್ತಾರೆ. ನೀವೇನು ಕೇಳಿದ್ರಿ ಮೇಷ್ಟ್ರೇ?" ಎಂದ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಕತ್ತಿಗೆ ಕತ್ತಿ ಇಟ್ಟವನ ಎದುರು ನಗದೆ ಇನ್ನೇನು ಮಾಡುವುದು.

ಇಂಥ ಕೂಸುಗಳನ್ನು ಕರಿಯಕ್ಕ ಕೆಳಗೆ ಒಯ್ಯುತ್ತಾಳೆ. ಕರಿಯಕ್ಕ ಕುರಿಯವಳು. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚುವ ಮೊದಲು ಮಂದೆಯನ್ನು ಕೆಳಗೆ ಹೊಡೆದುಕೊಂಡು ಹೋಗುವಾಗ ಬೆನ್ನಿಗೊಂದು ಬುಟ್ಟಿ ಕಟ್ಟಿಕೊಂಡು ಬರುತ್ತಾಳೆ. ಹೆರಿಗೆ ಕಷ್ಟದ್ದಾಗಿತ್ತು. ನೆಟ್ಟಗೆ ನಿಲ್ಲಲಾರದ ಇಂದ್ರಾಣಿ ಆ ಕಡಿದಾದ ದಾರಿಯನ್ನು ಇಳಿಯುವಂತಿರಲಿಲ್ಲ. ಅವಳನ್ನು ಬಿಟ್ಟು ನಾನು ಇಳಿಯುವಂತಿರಲಿಲ್ಲ.

"ಕೊಡವ್ವಾ, ಕೊಡು," ಎಂದಳು ಕರಿಯಕ್ಕ. "ನಮ್ಮ ಹಟ್ಟಿನಾಗೆ ಎಳೇ ಬಾಣಂತೀರು ಅವ್ರೆ. ಇನ್ನೊಂದು ಬಾಯಿಗೆ ಏನು ಕಮ್ಮಿ ಆಗಾಕಿಲ್ಲ."

ಇಂದ್ರಾಣಿ ಕೂಸನ್ನು ಕೊಡದೆ ಕೇಳಿದಳು, "ವಾಪಸ್ ಬಂದಾಗ ನನ್ನ ಗುರುತು ಇರುತ್ತಾ ಕರಿಯಕ್ಕಾ?"

"ಮಕದ ಗುರುತು ಯಾವ ಕೂಸಿಗಿರ್ತದವ್ವಾ? ಹಾಲಿನ ಗುರುತು ಇರ್ತದೆ. ಕುರಿಮರೀನೂ ಅಷ್ಟೇಯ, ಮೂಸಿ ಬಾಯಿ ಹಾಕ್ತದೆ. ಅಳಬ್ಯಾಡ, ಕೊಡು."

ಕರಿಯಕ್ಕ ಇದನ್ನು ಸಮಾಧಾನಕ್ಕೆ ಹೇಳಿದ್ದು. ಸಮಾಧಾನದ ಮಾತನ್ನು ಯಾರೂ ತೂಗಿ ಆಡುವುದಿಲ್ಲ. ಇಂದ್ರಾಣಿ ತೂಗಿ ತೆಗೆದುಕೊಂಡಳು ಎಂದು ನನಗೆ ಆಗ ತಿಳಿಯಲಿಲ್ಲ. ಬುಟ್ಟಿ ತಿರುವಿನಲ್ಲಿ ಮರೆಯಾಗುವವರೆಗೂ ಕೂಸು ಅಳುತ್ತಿತ್ತು. ನಾನು ಅಭ್ಯಾಸಬಲದಿಂದ ಆ ಅಳುವನ್ನು ಕಿವಿಯಲ್ಲಿ ಎತ್ತಿಟ್ಟುಕೊಂಡೆ. ಮೊದಲು ಒಂದು ಬಿಕ್ಕು, ಆಮೇಲೆ ಉಸಿರು ಕಟ್ಟಿದ ಮೌನ, ಆಮೇಲೆ ಎಣ್ಣೆ ಕಾಣದ ಬಾಗಿಲಿನ ಕಿರ್ರೆನ್ನುವ ಸದ್ದು. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ಚಳಿ ದಾಟಿದ ಮೇಲೆಯೇ ನಮ್ಮಲ್ಲಿ ಹೆಸರಿಡುವುದು.

ಮರುದಿನ ಸಂಕವ್ವಜ್ಜಿ ಬಂದಳು. ಊರಿನವರ ಹದ ನೋಡುವವಳು ಅವಳೇ. ಕರಿಯಕ್ಕ ಹೋಗುವ ಮೊದಲು ಕೆಳಗಿನಿಂದ ತರಿಸಿಕೊಟ್ಟಿದ್ದ ಮಲ್ಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಿಡಿದಿದ್ದಳು.

"ಇದ ಎದೆಗೆ ಕಟ್ಕೊ ಮಗಾ. ಹಾಲು ಬತ್ತಬೇಕು. ಬಾಣಂತಿ ಮೈನಾಗೆ ಹಾಲು ಓಡಾಡ್ತಾ ಇದ್ರೆ ಹದ ನಿಲ್ಲಾಕಿಲ್ಲ. ಕೊನೇ ಕೊಯ್ಲು ಆದ ಮ್ಯಾಲೆ ಸೊಪ್ಪು ಕೊಯ್ದಂಗೆ ಅದು, ಕೊಯ್ದಷ್ಟೂ ಬೇರು ಬರಿದು."

ಇಂದ್ರಾಣಿ ಹೂವನ್ನು ಮೂಸಿ ನೋಡಿದಳು. ಅಜ್ಜಿ ಅತ್ತ ಹೋದ ಮೇಲೆ ಅದನ್ನು ಮುಡಿಗೆ ಏರಿಸಿಕೊಂಡಳು. "ಎಷ್ಟು ದಿನ ಆಯ್ತು ರೀ ಮಲ್ಲಿಗೆ ಮುಡಿದು," ಎಂದಳು. ನನಗೆ ಅದು ಅವಳ ಹಳೆಯ ತುಂಟತನ ಮರಳಿದ ಹಾಗೆ ಕಂಡು ಖುಷಿಯಾಯಿತು. ಉಳಿದ ಹೂವನ್ನು ಎದೆಗೂ ಕಟ್ಟಿಕೊಂಡಿರುತ್ತಾಳೆ ಎಂದುಕೊಂಡೆ.

ಬಾಣಂತಿಯರ ಹದ ನೋಡುವುದಕ್ಕೆ ಬೇರೆಯೇ ಕ್ರಮವಿದೆ. ಅವರನ್ನು ಅಜ್ಜಿಯ ಜಗಲಿಯ ಮೇಲೆ ಕೂರಿಸಿ ಕೂಸಿನ ಅಳು ಕೇಳಿಸುತ್ತಾರೆ. ರವಿಕೆ ಒದ್ದೆಯಾದರೆ ಇನ್ನೂ ಬತ್ತಿಲ್ಲ, ಒಣಗಿದ್ದರೆ ಬತ್ತಿದೆ. ಹಿಂದೆ ಇದಕ್ಕೆ ಒಂದು ಕುರಿಮರಿಯ ಕಿವಿ ಹಿಂಡಿ ಕೂಗಿಸುತ್ತಿದ್ದರಂತೆ. ನಾನು ಓದು ಮುಗಿಸಿ ಊರಿಗೆ ಬಂದ ಮೇಲೆ ಕುರಿಮರಿಗೆ ನಿವೃತ್ತಿ, ನನಗೆ ಬಡ್ತಿ.

"ಬಾರಪ್ಪಾ ಈರಭದ್ರ," ಎಂದಳು ಅಜ್ಜಿ. "ಒಂದು ಕಿತ ಅಳು. ನಾಚ್ಕಬ್ಯಾಡ."

ಆ ವರ್ಷ ಜಗಲಿಯ ಮೇಲೆ ದೊಡ್ಡಮನೆಯ ಸೊಸೆ ರೇವಕ್ಕ, ಇಂದ್ರಾಣಿ, ಇಬ್ಬರೇ. ರೇವಕ್ಕನ ಕೂಸಿಗೆ ಹಲ್ಲು ಬಂದು ಮೊಲೆ ಬಿಡಿಸಿದ್ದರು. ಅದು ಅತ್ತಂತೆ ನಾನು ಅತ್ತೆ. ರೇವಕ್ಕ "ಅಯ್ಯೋ ನಿಮ್ಮ ಬಾಯಿಗಿಷ್ಟು ಮಣ್ಣಾಕ" ಎಂದು ಎದೆ ಮುಚ್ಚಿಕೊಂಡಳು. ರವಿಕೆ ತೊಯ್ದಿತ್ತು. ನೆರೆದವರು ನಕ್ಕರು. ಅಜ್ಜಿ ಅವಳಿಗೆ ಇನ್ನಷ್ಟು ಮಲ್ಲಿಗೆ ಕೊಟ್ಟು ಕಳಿಸಿದಳು. ಆಮೇಲೆ ನಾನು ಇಂದ್ರಾಣಿಯ ಕಡೆ ತಿರುಗಿ, ಕಿವಿಯಲ್ಲಿ ಎತ್ತಿಟ್ಟಿದ್ದ ನನ್ನದೇ ಕೂಸಿನ ಅಳುವನ್ನು ತೆಗೆದೆ. ಬಿಕ್ಕು, ಮೌನ, ಕಿರ್ರ್. ನಿಜವಾಗಿಯೂ ಅಳು ಬರುವಂತಾಯಿತು. ಇಂದ್ರಾಣಿ ನನ್ನನ್ನೇ ನೋಡುತ್ತಿದ್ದಳು. ರವಿಕೆ ಒಣಗಿದಂತೆಯೇ ಇತ್ತು.

"ಬತ್ತೈತೆ," ಎಂದಳು ಅಜ್ಜಿ. "ಗಟ್ಟಿ ಹೆಣ್ಣು."

ಆ ವಾರ ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿತು.

ಒಂದು ಮಧ್ಯಾಹ್ನ ಶಾಲೆ ಬೇಗ ಬಿಟ್ಟು ಮನೆಗೆ ಬಂದೆ. ಹಿತ್ತಿಲಿನಿಂದ ನನ್ನ ಕೂಸು ಅಳುವುದು ಕೇಳಿಸಿತು. ಕರಿಯಕ್ಕ ಹೇಗೋ ತಿರುಗಿ ಬಂದಿದ್ದಾಳೆ, ದಾರಿ ತಪ್ಪಿತೋ, ಕೂಸಿಗೆ ಏನಾಯಿತೋ ಎಂದು ಓಡಿದೆ. ಬಚ್ಚಲ ಬಾಗಿಲಲ್ಲಿ ಕವುಚಿದ ಹಂಡೆಗೆ ಒರಗಿ ಇಂದ್ರಾಣಿ ಕೂತಿದ್ದಳು. ಕಣ್ಣು ಮುಚ್ಚಿದ್ದಳು. ಅಳು ಅವಳ ಬಾಯಿಂದ ಬರುತ್ತಿತ್ತು. ಮಡಿಲಲ್ಲಿದ್ದ ಬಟ್ಟಲಿಗೆ ಹಾಲು ತೊಟ್ಟಿಕ್ಕುತ್ತಿತ್ತು.

ನಾನು ಜೀವಮಾನವಿಡೀ ದನಿಗಳನ್ನು ಕದ್ದವನು. ಅದಕ್ಕೇ ಥಟ್ಟನೆ ತಿಳಿಯಿತು. ಬಿಕ್ಕಿಗೂ ಮೌನಕ್ಕೂ ನಡುವೆ ಒಂದು ಸಣ್ಣ ಸದ್ದಿತ್ತು, ಕೂಸು ಅಳುತ್ತಲೇ ತುಟಿ ಚಾಚಿ ಮೊಲೆ ಹುಡುಕುವ ಸದ್ದು. ಅದನ್ನು ನಾನು ಕೇಳಿಯೇ ಇರಲಿಲ್ಲ. ಅದು ಅವಳೊಬ್ಬಳನ್ನು ಉದ್ದೇಶಿಸಿದ್ದಾಗಿತ್ತು.

"ಯಾವಾಗಿಂದ?" ಎಂದೆ.

ಅವಳು ಬೆಚ್ಚಲಿಲ್ಲ. "ಮಗಳು ಹೋದ ದಿನದಿಂದ. ಮೊದಮೊದಲು ಬೆಕ್ಕು ಕೂಗಿದ ಹಾಗೆ ಬರ್ತಿತ್ತು. ನಿಮ್ಮ ಹೆಂಡತಿ ಅಲ್ವಾ, ಕಲಿತುಕೊಂಡೆ."

"ಮತ್ತೆ ಅಜ್ಜಿ ಜಗಲೀಲಿ..."

"ನೀವು ಅತ್ತಿದ್ದು ನಮ್ಮ ಮಗು ಥರ ಇರಲಿಲ್ಲ ರೀ. ಚೆನ್ನಾಗಿತ್ತು. ಆದರೆ ಯಾರದೋ ಮಗು."

ಅವಳನ್ನು ಹೊಲಕ್ಕೆ ಕರೆದುಕೊಂಡು ಹೋದೆ. ಕುದುರೆಮಸಾಲೆ ಮಂಕಾಗಿ, ನೆಲಕ್ಕೆ ಅಂಟಿ ಮಲಗಿತ್ತು. ಬೇಲಿಯ ಪಕ್ಕದ ಒಂದು ಸಾಲು ಮಾತ್ರ ಎಳೆ ಹಸಿರಾಗಿ ಎದ್ದು ನಿಂತಿತ್ತು. ಮಂದೆ ಇಳಿದು ಹೋಗುವಾಗ ಟಗರೊಂದು ಬಾಯಿ ಹಾಕಿದ ಸಾಲು ಅದು. ಕಡಿದದ್ದಕ್ಕೆ ಮತ್ತೆ ಚಿಗುರಿತ್ತು. ಎರಡೂ ಕಡೆಯಿಂದ ಒಂದೊಂದು ಗಿಡ ಕಿತ್ತೆ. ಮಲಗಿದ್ದರ ಬೇರು ಬೆಳ್ಳಗೆ, ಗಟ್ಟಿಯಾಗಿ, ಹೆಬ್ಬೆರಳಿನಷ್ಟು ದಪ್ಪವಿತ್ತು. ಚಿಗುರಿದ್ದರ ಬೇರು ಬೆರಳಿಗೆ ಸುತ್ತುವಷ್ಟು ಜೋಲು.

"ಇದು ಏಳಲ್ಲ ಇಂದ್ರಾಣೀ. ನೋಡೋದಕ್ಕೆ ಚೆನ್ನಾಗಿದೆ, ಆದರೆ ಏಳಲ್ಲ."

ಅವಳು ಚಿಗುರಿದ್ದನ್ನು ಕೈಗೆ ತೆಗೆದುಕೊಂಡು ಮಣ್ಣು ಒರೆಸಿದಳು. "ಅದಕ್ಕೆ ಮಗು ಇದೆಯಾ?" ಎಂದಳು, ಮಲಗಿದ್ದನ್ನು ತೋರಿಸಿ.

"ಬದುಕಿದ್ದರೆ ತಾನೇ ಮಗು?"

"ಬತ್ತಿಸಿಕೊಂಡು ಬದುಕ್ತೀನಿ ಅನ್ನಿ. ಅವಳು ಬಂದಾಗ ಏನು ಕೊಡಲಿ? ಯಾರೋ ಒಬ್ಬಳು ಎತ್ತಿಕೊಂಡಳು ಅಂತ ಅಳ್ತಾಳೆ. ನೀವು ವಿಜ್ಞಾನದ ಮೇಷ್ಟ್ರು. ಎರಡೂ ಆಗೋ ಹಾಗೆ ಏನಾದರೂ ಇದ್ದರೆ ಹೇಳಿ, ಮಾಡ್ತೀನಿ."

ಪ್ರೊಫೆಸರರು ಗಂಟಲಿಗೆ ಬಂದರು, ಮೂಗು ಸೇದಿಕೊಂಡರು, ಸುಮ್ಮನಾದರು. ಆ ಪಾಠ ಅವರು ಮಾಡಿರಲಿಲ್ಲ.

ಅಲ್ಲಿಂದ ನೇರ ಹೋಗಿ ಸಂಕವ್ವಜ್ಜಿಗೆ ಹೇಳಿದೆ. "ಜಗಲೀ ಮ್ಯಾಲೆ ಕುರಿಮರೀನೇ ಕೂಗ್ಸಿದ್ರೂ ಇಷ್ಟೇ ಅಲ್ವೇನಪ್ಪ," ಎಂದಳು ಅಜ್ಜಿ. ಇದ್ದಬದ್ದ ಮಲ್ಲಿಗೆಯನ್ನೆಲ್ಲ ಗಂಟು ಕಟ್ಟಿಕೊಂಡು ನಮ್ಮ ಮನೆಗೇ ಬಂದು ಕೂತಳು. ಬಾಡಿ ಕಂದಾಗಿದ್ದ ಹೂಗಳನ್ನು ನೀರಲ್ಲಿ ನೆನೆಸಿ, ತಾನೇ ಇಂದ್ರಾಣಿಯ ಎದೆಗೆ ಬಿಗಿದು ಕಟ್ಟಿದಳು. ಇಂದ್ರಾಣಿ ಬೇಡವೆನ್ನಲಿಲ್ಲ. ನನ್ನ ಮುಖ ನೋಡಿ ಅವಳಿಗೆ ಮರುಕ ಬಂದಿರಬೇಕು. "ಆಯ್ತು, ನಿಲ್ಲಿಸ್ತೀನಿ," ಎಂದಳು. ನಿಜವಾಗಿಯೂ ನಿಲ್ಲಿಸಿದಳು. ಮನೆಯಲ್ಲಿ ಮತ್ತೆ ಕೂಸಿನ ಅಳು ಕೇಳಲಿಲ್ಲ. ಎರಡನೆಯ ಸಲ ಕೂಸನ್ನು ಕೆಳಗೆ ಕಳಿಸಿದ ಹಾಗಾಯಿತು.

ಅಷ್ಟು ದಿನ ಹರಿದ ಹಾಲು ಒಮ್ಮೆಗೇ ನಿಂತರೆ ಏನಾಗುತ್ತದೆಂದು ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಎದೆ ಗಡ್ಡೆ ಕಟ್ಟಿತು, ಮೈ ಕೆಂಡವಾಯಿತು. ಹದದ ತಿಂಗಳಲ್ಲಿ ಜ್ವರ! ಊರೆಲ್ಲ ಮೈಯ ಬಿಸಿಯನ್ನು ಬಿಡಿಸಿಕೊಳ್ಳುತ್ತಿರುವಾಗ ನನ್ನ ಹೆಂಡತಿ ಒಲೆಯಂತೆ ಉರಿಯುತ್ತಿದ್ದಳು. ಕಟ್ಟು ಬಿಚ್ಚಿ ಹಾಲು ಹಿಂಡಿದರೆ ಜ್ವರ ಇಳಿಯುತ್ತಿತ್ತು, ಹಾಲು ಮತ್ತೆ ತುಂಬುತ್ತಿತ್ತು. ಹಿಂಡದಿದ್ದರೆ ಉರಿಯುತ್ತಿದ್ದಳು. ಅಜ್ಜಿ ಸ್ವಲ್ಪ ಹಿಂಡಿ, ಬಿಗಿದು ಕಟ್ಟಿ, ತಣ್ಣೀರ ಬಟ್ಟೆ ಹಾಕಿ, ಬೇರಿನ ರಸವನ್ನು ಬಾಯಿಗೆ ಹಿಂಡುತ್ತಿದ್ದಳು. ಚಿಕ್ಕೀರಯ್ಯ ದಿನಾ ಬಾಗಿಲಿಗೆ ಬಂದು "ಹೆಂಗವ್ರೆ ತಾಯಿ?" ಎಂದು ಕೇಳಿ, ಹಾಸ್ಯ ಮಾಡದೆ ಹೋಗುತ್ತಿದ್ದ. ಅದಕ್ಕೇ ನನಗೆ ಹೆಚ್ಚು ಭಯವಾಗುತ್ತಿತ್ತು.

ಕೊನೆಗೆ ಜ್ವರ ಬಿಟ್ಟಿತು, ಎದೆ ಮೆತ್ತಗಾಯಿತು. ಅಷ್ಟರಲ್ಲಿ ಚಳಿ ಗುಡ್ಡದ ನೆತ್ತಿಗೆ ಬಂದು ಕೂತಿತ್ತು. ಅಜ್ಜಿ ಇಂದ್ರಾಣಿಯ ಕಿವಿಯ ತುದಿಯನ್ನು ಹಿಂಡಿ ನೋಡಿದಳು. ಹದ ಹಿಡಿಯಿತು ಎನ್ನಲಿಲ್ಲ, ಹಿಡಿಯಲಿಲ್ಲ ಎನ್ನಲಿಲ್ಲ. "ಕಿಟಕಿ ತಾವ ಕೂರ್ಸು," ಎಂದಷ್ಟೇ ಹೇಳಿ, ಗೋಡೆ ಹಿಡಿದುಕೊಂಡು ತನ್ನ ಮನೆಗೆ ಹೋದಳು.

ಗಂಡ ಹೆಂಡಿರು ಬೆನ್ನಿಗೆ ಬೆನ್ನು ತಿರುಗಿಸಿ ಕೂರುವುದು ರೂಢಿ, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗಬಾರದೆಂದು. ನಾವು ಎದುರುಬದುರು ಕೂತೆವು. ಹೊರಗೆ ನಾಯಿಗಳು ಒಂದೊಂದಾಗಿ ಬೊಗಳುವುದನ್ನು ನಿಲ್ಲಿಸಿದವು.

"ವಾರ್ಡನ್ ಮಾಡಿ," ಎಂದಳು.

"ನಗಬಾರದು ಈಗ. ನಕ್ಕರೆ ಮೈ ಬಿಸಿಯಾಗುತ್ತೆ."

"ನಗಲ್ಲ. ಕೇಳ್ತೀನಿ ಅಷ್ಟೇ."

"ಇಂದ್ರಾಣೀ," ಎಂದೆ, ವಾರ್ಡನ್ ದನಿಯಲ್ಲಿ, "ಲೈಟ್ ಆರಿಸೇ." ಹೇಳಿದ ಮೇಲೆ ಆ ಮಾತು ನನಗೇ ಹಿಡಿಸಲಿಲ್ಲ. ಅವಳ ತುಟಿ ಅರಳಿತು. ನನ್ನ ಕಾಲು ಆಗಲೇ ಕಲ್ಲಾಗಿತ್ತು, ಆಮೇಲೆ ಸೊಂಟ, ಕೈ. ಅವಳ ತುಟಿ ಇನ್ನೂ ಅರಳುತ್ತಿದ್ದಂತೆ ನನ್ನ ಕಣ್ಣು ನಿಂತಿತು.

ಏಳುವುದೆಂದರೆ ಕಿವಿ ಮೊದಲು ಏಳುತ್ತದೆ. ಸೂರಿನಿಂದ ನೀರು ತೊಟ್ಟಿಕ್ಕುವ ಸದ್ದು, ಎಲ್ಲೋ ಹೆಡ್ಮಾಸ್ತರರ ಸೀನು, ಯಾರದೋ ಮನೆಯಲ್ಲಿ ಕಾಫಿ ಕೇಳುವ ದನಿ. ಆಮೇಲೆ ಕಣ್ಣು. ಬಿಸಿಲು ಕಿಟಕಿಯಿಂದ ಇಂದ್ರಾಣಿಯ ಹೆಗಲ ಮೇಲೆ ಬಿದ್ದಿತ್ತು. ಅವಳ ಬಾಯಿ ತೆರೆದಿತ್ತು. ಅದು ನಗು ಎಂದುಕೊಂಡೇ ನಾನು ಕಲ್ಲಾಗಿದ್ದೆ. ಈಗ ನೋಡಿದರೆ ತುಟಿ, ಕೂಸು ಮೊಲೆ ಹುಡುಕುವಾಗಿನಂತೆ, ಮುಂದಕ್ಕೆ ಚಾಚಿತ್ತು.

ಕೂಗಿಕೊಂಡೆ. ಸಂಕವ್ವಜ್ಜಿ ಬಂದಳು, ರೇವಕ್ಕ ಬಂದಳು, ಬೀದಿಯವರೆಲ್ಲ ಬಂದು ಬಾಗಿಲಲ್ಲಿ ನಿಂತರು. ಕಿಟಕಿ ಪಕ್ಕದವರು ಮೊದಲು ಏಳಬೇಕಿತ್ತು, ಇಂದ್ರಾಣಿ ಎದ್ದಿರಲಿಲ್ಲ. ಆಗ ರೇವಕ್ಕ ಕಿರುಚಿದಳು, "ನೋಡ್ರಮ್ಮಾ, ರವಿಕೆ ನೋಡ್ರಿ!"

ರವಿಕೆ ಒದ್ದೆಯಾಗುತ್ತಿತ್ತು. ಎರಡೂ ಕಡೆ, ದುಂಡಗೆ, ಹರಡುತ್ತಾ.

"ಹಾಲು ಇಳೀತಾ ಐತೆ," ಎಂದರು ಯಾರೋ. "ಹಾಲು ಇಳೀತಿದ್ರೆ ಜೀವ ಐತೆ ಅಂತಾನೇ ಅಲ್ವಾ?" ಯಾರೋ ಒಲೆ ಹಚ್ಚಿದರು, ಯಾರೋ ಅವಳ ಅಂಗಾಲು ಉಜ್ಜಿದರು. ನಾನು ಅವಳ ಹೆಸರು ಕರೆದೆ, ನನ್ನ ದನಿಯಲ್ಲಿ. ಆಮೇಲೆ ಅವಳ ಅಮ್ಮನ ದನಿಯಲ್ಲಿ, ವಾರ್ಡನ್ ದನಿಯಲ್ಲಿ. ಗೊತ್ತಿದ್ದ ದನಿಗಳೆಲ್ಲ ಮುಗಿಯುವವರೆಗೆ ಕರೆದೆ.

ಅಜ್ಜಿ ರವಿಕೆಯ ಮೇಲಿನ ಒದ್ದೆಯನ್ನು ಬೆರಳಿಗೆ ತೆಗೆದುಕೊಂಡು ನಾಲಿಗೆಗೆ ಮುಟ್ಟಿಸಿದಳು.

"ನೀರು ಕಣಪ್ಪಾ," ಎಂದಳು.

ಚಳಿಗೆ ಸತ್ತ ಬೇರನ್ನು ಬಿಸಿಲು ಕಾಲದಲ್ಲಿ ಕಿತ್ತು ಹಿಂಡಿದರೆ ಹಾಗೆಯೇ ನೀರು ಬರುತ್ತದೆ. ನಾನದನ್ನು ಮಕ್ಕಳಿಗೆ ಎಷ್ಟೋ ಸಲ ಹಿಂಡಿ ತೋರಿಸಿದ್ದೇನೆ.

ದಾರಿ ತೆರೆದ ಮೇಲೆ ಕರಿಯಕ್ಕ ಬಂದಳು. ಮಂದೆಯ ಗಂಟೆಗಳಿಗಿಂತ ಮೊದಲು ಕೂಸಿನ ಅಳು ಕೇಳಿಸಿತು. ನಾನು ಹೊಸ್ತಿಲಲ್ಲಿ ಕೂತು ಕೇಳಿಸಿಕೊಂಡೆ. ಬಿಕ್ಕಿರಲಿಲ್ಲ. ಮೌನವಿರಲಿಲ್ಲ. ತುಟಿ ಚಾಚುವ ಸದ್ದಂತೂ ಇರಲೇ ಇಲ್ಲ. ದೊಡ್ಡ ದನಿಯ, ಹೊಟ್ಟೆ ತುಂಬಿದ, ಹಟದ ಅಳು. ನಡುವೆ ಅಕ್ಕ, ಅಕ್ಕ ಎಂಬಂತೆ ಏನೋ. ನಾವು ಕಲ್ಲಾಗಿ ಕೂತಿದ್ದಾಗ ಕೆಳಗೆ ಕೂಸು ಬೆಳೆದಿತ್ತು. ಇಂದ್ರಾಣಿ ಹಾಲು ಕೊಟ್ಟು ಕಾಪಾಡಿದ ಆ ಅಳು ಯಾವತ್ತೋ ಅದರ ಗಂಟಲು ಬಿಟ್ಟು ಹೋಗಿತ್ತು.

ಕರಿಯಕ್ಕ ಬೀದಿಯಲ್ಲೇ ಸುದ್ದಿ ಕೇಳಿ ಮುಖ ಸಣ್ಣದು ಮಾಡಿಕೊಂಡು ಬಂದಳು. "ಓಗು ಮಗಾ, ನಿಮ್ಮಪ್ಪ ಕಣವ್ವಾ," ಎಂದು ನನ್ನ ತೊಡೆಯ ಮೇಲೆ ಕೂರಿಸಿದಳು. ಕೂಸು ಸೆಟೆದು, ಅವಳ ಕಡೆಗೆ ಎರಡೂ ಕೈ ಚಾಚಿ ಚೀರಿತು. ಕೆಳಗಿನ ದವಡೆಯಲ್ಲಿ ಅಕ್ಕಿಕಾಳಿನಷ್ಟು ಹಲ್ಲು ಹೊಳೆಯಿತು.

"ಮೇಷ್ಟ್ರೇ, ಏನಾರ ದನಿ ಮಾಡ್ರಿ, ಸುಮ್ಕಾಗ್ಲಿ," ಎಂದ ಚಿಕ್ಕೀರಯ್ಯ. ಅಂಗಡಿಯ ಬೀಗ ತೆಗೆದಿದ್ದರೂ ಕತ್ತರಿ ಮುಟ್ಟದೆ ಬಂದು ನಿಂತಿದ್ದ.

ಬಾಯಿ ತೆರೆದೆ. ಸೀನು, ಕತ್ತರಿ, ಮೂಗು, ಯಾವುದೂ ಬರಲಿಲ್ಲ. ಬಚ್ಚಲ ಬಾಗಿಲಲ್ಲಿ ಕೇಳಿದ್ದೇ ಬಂತು. ಬಿಕ್ಕು, ತುಟಿಯ ಸದ್ದು, ಮೌನ, ಕಿರ್ರ್. ಕೊನೆಗೂ ಸರಿಯಾಗಿ ಬಂತು, ಇಂದ್ರಾಣಿಗೆ ಬರುತ್ತಿದ್ದಷ್ಟೇ ಸರಿಯಾಗಿ.

ಕೂಸು ಚೀರುವುದನ್ನು ನಿಲ್ಲಿಸಿತು. ನನ್ನ ಬಾಯಿಯನ್ನು ನೋಡಿತು, ನನ್ನ ಹಿಂದೆ ಮನೆಯೊಳಗಿನ ಕತ್ತಲೆಯನ್ನು ನೋಡಿತು. ಆಮೇಲೆ ಮತ್ತೆ ಕರಿಯಕ್ಕನ ಕಡೆ ತಿರುಗಿ, ತನ್ನ ಹೊಸ ದನಿಯಲ್ಲಿ ಅಳತೊಡಗಿತು. ನಾನು ಅತ್ತದ್ದು ಯಾರ ಅಳು ಎಂದು ಅದಕ್ಕೆ ಗೊತ್ತಾಗಲಿಲ್ಲ.